ಯಾರ್ಕ್‌ನ ಬೀದಿಗೆ ‘ರೈಲ್ವೆ ರಾಜ’ನ ಹೆಸರು ಬೇಕಿತ್ತಾ?

ಜಾರ್ಜ್ ಹಡ್ಸನ್ (1800–1871) ಇಂಗ್ಲೆಂಡಿನ ಯಾರ್ಕ್‌ನಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ. ಆಮೇಲೆ ಒಂದಲ್ಲ, ಹಲವು ರೈಲು ಕಂಪನಿಗಳ ಅಧ್ಯಕ್ಷನಾದ, ಊರಿನ ಮೇಯರ್ ಆದ, ಪಾರ್ಲಿಮೆಂಟ್ ಸದಸ್ಯನಾದ. ಜನ ಅವನನ್ನು ‘ರೈಲ್ವೆ ರಾಜ’ ಅಂತ ಕರೆದರು. 1849ರಲ್ಲಿ ಅವನ ಲೆಕ್ಕದ ಪುಸ್ತಕಗಳ ಒಳಗುಟ್ಟು ಹೊರಬಿತ್ತು. ‘ಹಡ್ಸನ್ ಬೀದಿ’ ಆಗಿದ್ದುದನ್ನು ಯಾರ್ಕ್ ನಗರ ‘ರೈಲ್ವೆ ಬೀದಿ’ ಮಾಡಿತು. ಅವನು ಸತ್ತು ನೂರು ವರ್ಷವಾದಾಗ, 1971ರಲ್ಲಿ, ಅದೇ ಬೀದಿಗೆ ‘ಜಾರ್ಜ್ ಹಡ್ಸನ್ ಬೀದಿ’ ಎಂದು ಹೆಸರಿಟ್ಟಿತು. ಅದು ಸರಿಯಾ?

ಪರ: ಹಳಿ ಇನ್ನೂ ಅಲ್ಲೇ ಇದೆ

“ಹಡ್ಸನ್ ಪರ ಬರೀತೀರಾ?” ಅಂತ ಕೇಳಿದಾಗ ನಾನು ಮೊದಲು ಕೇಳಿದ್ದು, “ವಿರೋಧ ಖಾಲಿ ಇಲ್ವಾ?” ಅಂತ. ಇರಲಿಲ್ಲ. ಅದನ್ನು ಆಗಲೇ ಯಾರೋ ಹಿಡಿದುಬಿಟ್ಟಿದ್ದರು. ಮನೆಯಲ್ಲಿ ಹೇಳಿದರೆ “ಕಳ್ಳನ ಪರ ವಕಾಲತ್ತಾ?” ಅಂತ ಹೆಂಡತಿ ನಕ್ಕಳು. ವಕೀಲನಿಗಾದರೆ ಫೀಸಾದರೂ ಸಿಗುತ್ತೆ.

ಇರಲಿ, ಒಪ್ಪಿಕೊಂಡಾಗಿದೆ. ಓದುತ್ತಾ ಹೋದ ಹಾಗೆ ಅರ್ಧ ನಂಬಿಕೆಯೂ ಬಂದಿದೆ. ಪೂರ್ತಿ ಅಲ್ಲ.

ನಾನಿರೋದು ಲೀಡ್ಸ್‌ನಲ್ಲಿ. ಆರು ವರ್ಷದಿಂದ ವಾರಕ್ಕೆ ಮೂರು ದಿನ ರೈಲು ಹಿಡಿದು ಯಾರ್ಕ್‌ಗೆ ಹೋಗಿಬರುತ್ತೇನೆ. ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವಾಗ ಈ ಬೀದಿ ಸಿಗುತ್ತೆ. ನಿಜ ಹೇಳಬೇಕೆಂದರೆ ಅಂಥ ಚೆಂದದ ಬೀದಿಯೇನಲ್ಲ. ಬಸ್ಸುಗಳು, ಪಾರ್ಸೆಲ್ ಊಟದ ಅಂಗಡಿಗಳು, ಬಾರುಗಳು. ಶನಿವಾರ ರಾತ್ರಿಯಂತೂ ಕೇಳಲೇಬೇಡಿ. ಇಷ್ಟು ಸಾಧಾರಣ ಬೀದಿಗೆ ಒಬ್ಬನ ಹೆಸರಿದ್ದರೆ ಯಾರ ಗಂಟು ಹೋಯಿತು ಅಂತ ಎಷ್ಟೋ ಸಲ ಅನಿಸಿದೆ.

ನಾನು ಕೂತು ಬರುವ ರೈಲು ಚರ್ಚ್ ಫೆಂಟನ್ ಅನ್ನೋ ಸಣ್ಣ ಊರು ದಾಟುತ್ತೆ. ಅಲ್ಲಿಂದ ಯಾರ್ಕ್‌ವರೆಗಿನ ದಾರಿ ಹಡ್ಸನ್‌ನ ಮೊದಲ ಕಂಪನಿಯದು. ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ರೈಲ್ವೆ ಅಂತ ಅದರ ಹೆಸರು. 1839ರಲ್ಲಿ ಅಲ್ಲಿ ರೈಲು ಓಡಿತು. ಇವತ್ತಿಗೂ ಓಡುತ್ತಿದೆ. ನನ್ನ ವಾದ ಇಷ್ಟೇ, ಇದನ್ನೇ ಮೂರು ನಾಲ್ಕು ಸಲ ಹೇಳುತ್ತೇನೆ. ಹಳಿ ಅಲ್ಲೇ ಇದೆ.

ಆಗಿನ ಕಾಲ ಹೇಗಿತ್ತು ನೋಡಿ. ಸರ್ಕಾರ ರೈಲು ಹಾಕುತ್ತಿರಲಿಲ್ಲ. ಖಾಸಗಿ ಕಂಪನಿಗಳು ಪಾರ್ಲಿಮೆಂಟಿನಲ್ಲಿ ಒಂದೊಂದು ಮಾರ್ಗಕ್ಕೂ ಒಂದೊಂದು ಕಾಯ್ದೆ ಪಾಸು ಮಾಡಿಸಿಕೊಂಡು ಹಾಕುತ್ತಿದ್ದವು. ಈ ಊರಿಂದ ಆ ಊರಿಗೆ ಒಂದು ತುಂಡು, ಆ ಊರಿಂದ ಇನ್ನೊಂದು ಊರಿಗೆ ಬೇರೆಯವರ ತುಂಡು. ಡರ್ಬಿಯಲ್ಲಿ ಮೂರು ಕಂಪನಿಗಳು ಸೇರುತ್ತಿದ್ದವು. ಅವುಗಳಲ್ಲಿ ಎರಡು ಒಂದೇ ಪ್ರಯಾಣಿಕನಿಗಾಗಿ ದರ ಇಳಿಸಿ ಇಳಿಸಿ ಒಬ್ಬರನ್ನೊಬ್ಬರು ಮುಳುಗಿಸುತ್ತಿದ್ದವು. 1844ರಲ್ಲಿ ಮೂರನ್ನೂ ಒಂದು ಮಾಡಿ ಮಿಡ್‌ಲ್ಯಾಂಡ್ ರೈಲ್ವೆ ಕಟ್ಟಿದ್ದು ಹಡ್ಸನ್. ಬೇರೆ ಬೇರೆ ಕಂಪನಿಗಳ ಹಳಿ ಮೇಲೆ ಒಂದೇ ಟಿಕೆಟ್ಟಿನಲ್ಲಿ ಹೋಗೋದು, ಆ ದುಡ್ಡನ್ನು ಲಂಡನ್ನಿನ ಒಂದು ಕಚೇರಿ ಕಂಪನಿಗಳ ನಡುವೆ ಹಂಚೋದು, ಈ ಏರ್ಪಾಡು 1842ರಲ್ಲಿ ಶುರುವಾಯಿತು. ರೈಲ್ವೆ ಕ್ಲಿಯರಿಂಗ್ ಹೌಸ್ ಅಂತಾರೆ. ಐಡಿಯಾ ಹಡ್ಸನ್‌ನದಲ್ಲ. ಆದರೆ ಮೊದಲೇ ಬೆನ್ನಿಗೆ ನಿಂತವರಲ್ಲಿ ಆತನೂ ಒಬ್ಬ.

1844ರ ಜೂನ್‌ನಲ್ಲಿ ಲಂಡನ್ನಿನಿಂದ ಬೆಳಿಗ್ಗೆ ಐದಕ್ಕೆ ಹೊರಟ ಒಂದು ವಿಶೇಷ ರೈಲು ಮಧ್ಯಾಹ್ನ ಎರಡೂವರೆಯೊಳಗೆ ಟೈನ್ ನದಿ ದಡದ ಗೇಟ್ಸ್‌ಹೆಡ್ ಮುಟ್ಟಿತು. ಅದಕ್ಕೆ ಮುಂಚೆ ಕುದುರೆ ಗಾಡಿಯಲ್ಲಿ ಹೋದರೆ ಒಂದು ಹಗಲು ಒಂದು ರಾತ್ರಿ ಮೀರುತ್ತಿತ್ತು. ಆ ದಿನ ಗೇಟ್ಸ್‌ಹೆಡ್‌ನಲ್ಲಿ ಸೇರಿದ ಜನ ಯಾರಿಗೆ ಜೈಕಾರ ಹಾಕಿರಬಹುದು ಹೇಳಿ.

ಯಾರ್ಕ್‌ನಲ್ಲಿ ಆಗ ದೊಡ್ಡ ಗಿರಣಿಗಳಿರಲಿಲ್ಲ. ಮುಖ್ಯ ಮಾರ್ಗ ಊರನ್ನು ಬಿಟ್ಟು ಪಕ್ಕದಲ್ಲೇ ಹೋಗಿಬಿಡಬಹುದಿತ್ತು. ಎಲ್ಲ ರೈಲೂ ಯಾರ್ಕ್‌ಗೆ ಬರಬೇಕು ಅಂತ ಹಟ ಹಿಡಿದವನು ಹಡ್ಸನ್. ಆಮೇಲೆ ನೂರು ವರ್ಷ ಈ ಊರಿನ ಹೊಟ್ಟೆ ಹೊರೆದದ್ದು ರೈಲು ಮತ್ತು ಚಾಕೊಲೇಟು. ಇವತ್ತು ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಇರೋದು ಲಂಡನ್ನಿನಲ್ಲಿ ಅಲ್ಲ, ಇಲ್ಲೇ. ಆತನ ಕಾಲದ ಹಳೇ ಸ್ಟೇಷನ್ ಕಟ್ಟಡ ಈಗ ನಗರಸಭೆಯ ಕಚೇರಿ. ಅಲ್ಲಿ ಕೂತು ಹಡ್ಸನ್‌ನನ್ನು ಬೈಯೋದು ಸ್ವಲ್ಪ ಕಷ್ಟ.

ಇನ್ನು ರಾಜಕೀಯ. 1845ರಲ್ಲಿ ಸಂಡರ್‌ಲ್ಯಾಂಡ್‌ನಿಂದ ಪಾರ್ಲಿಮೆಂಟಿಗೆ ಗೆದ್ದ. ಆ ಊರಿಗೆ ಹೊಸ ಹಡಗುಕಟ್ಟೆ ಬರುವಂತೆ ಮಾಡಿದ, 1850ರಲ್ಲಿ ಅದು ತೆರೆಯಿತು. ಇವತ್ತಿಗೂ ಅದರ ಹೆಸರು ಹಡ್ಸನ್ ಡಾಕ್. 1849ರಲ್ಲಿ ಮರ್ಯಾದೆ ಹೋದ ಮೇಲೂ ಸಂಡರ್‌ಲ್ಯಾಂಡ್ ಜನ 1852ರಲ್ಲಿ ಆರಿಸಿದರು, 1857ರಲ್ಲಿ ಮತ್ತೆ ಆರಿಸಿದರು. ಅವರೆಲ್ಲ ಪೆದ್ದರಾ?

ತಪ್ಪು ಮಾಡಿದ, ಇಲ್ಲ ಅನ್ನಲ್ಲ. ಆದರೆ ಆ ಕಾಲದಲ್ಲಿ ಕಂಪನಿಯ ಲೆಕ್ಕ ಹೀಗೇ ಬರೆಯಬೇಕು ಅಂತ ಗಟ್ಟಿ ನಿಯಮವೇ ಇರಲಿಲ್ಲ. ಹೊರಗಿನ ಆಡಿಟರ್ ಬಂದು ನೋಡುವ ಪದ್ಧತಿಯೂ ಇರಲಿಲ್ಲ. ಯಾವುದು ಬಂಡವಾಳದ ಖರ್ಚು, ಯಾವುದು ದಿನದ ಖರ್ಚು ಅಂತ ಗೆರೆ ಎಳೆದವರಿರಲಿಲ್ಲ. ನೂರಕ್ಕೆ ಹತ್ತು ಡಿವಿಡೆಂಡ್, ಅಂದರೆ ಲಾಭದ ಪಾಲು, ಬಂದಾಗ ಷೇರುದಾರರು ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಷೇರು ಬಿದ್ದ ದಿನ ಎಲ್ಲರಿಗೂ ನೀತಿ ನೆನಪಾಯಿತು. ಆತ ಆಸ್ತಿ ಮಾರಿ ಸಾಲ ತೀರಿಸಲು ನೋಡಿದ. ಚಪ್ಪಾಳೆ ಹೊಡೆದವರು ಹಳೇ ಡಿವಿಡೆಂಡ್ ವಾಪಸ್ ಕೊಟ್ಟರಾ?

ದುಡ್ಡು ಕಳೆದುಕೊಂಡ ಸಣ್ಣವರ ಗತಿ ಏನು ಅಂತ ಎದುರಿನವರು ಕೇಳುತ್ತಾರೆ. ಷೇರು ಅಂದಮೇಲೆ ಏರಿಳಿತ ಇದ್ದದ್ದೇ ಅಲ್ವಾ. ಆ ಮಾತಿಗೆ ನಾನು ಜಾಸ್ತಿ ಹೋಗಲ್ಲ.

ನನಗೆ ಬೀದಿ ಹೆಸರು ಅಂದರೆ ಸನ್ಮಾನಪತ್ರ ಅಲ್ಲ, ವಿಳಾಸ. ಈ ಊರಿನ ಚರಿತ್ರೆಯಲ್ಲಿ ಹೀಗೊಬ್ಬನಿದ್ದ ಅಂತ ಗುರುತು. ಅದನ್ನು ಕಿತ್ತು ನೂರಿಪ್ಪತ್ತು ವರ್ಷ ಬಚ್ಚಿಟ್ಟರು, ಆಮೇಲೆ ತಂದು ಹಾಕಿದರು. ಹಾಕಿದ್ದೇ ಸರಿ ಅನ್ನೋದು ನನ್ನ ಮಾತು. ಕೇಳಿದಷ್ಟು ಪುಟ ತುಂಬಿಲ್ಲ ಅಂತ ಗೊತ್ತು. ಆದರೆ ಚರ್ಚ್ ಫೆಂಟನ್ ದಾಟಿ ಆಯಿತು, ಲ್ಯಾಪ್‌ಟಾಪ್ ಮುಚ್ಚಬೇಕು.

ವಿರೋಧ: ಅಸಲಿನಲ್ಲೇ ಬಡ್ಡಿ ಕೊಟ್ಟವನು

ಮಗಳ ಬಾಣಂತನಕ್ಕೆ ಹೋಗಿ ಯಾರ್ಕ್‌ನಲ್ಲಿ ಐದು ತಿಂಗಳಿದ್ದೆ. ಮಧ್ಯಾಹ್ನ ಮಗು ನಿದ್ದೆ ಮಾಡಲಿ ಅಂತ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಊರು ಸುತ್ತುತ್ತಿದ್ದೆ. ಒಂದು ದಿನ ಅಳಿಯ ಜೊತೆಗಿದ್ದ. ಬೀದಿಯ ಹೆಸರು ತೋರಿಸಿ, “ಅತ್ತೆ, ಈ ಮನುಷ್ಯ ರೈಲ್ವೆ ಕಿಂಗ್, ಬಟ್ಟೆ ಅಂಗಡಿ ಹುಡುಗ ಆಗಿದ್ದನಂತೆ” ಅಂದ. ನಾನು ಖುಷಿಪಟ್ಟೆ. ಬಡವರ ಮನೆ ಹುಡುಗ ಮೇಲೆ ಬಂದನಲ್ಲ ಅಂತ. ಅವತ್ತು ರಾತ್ರಿ ಕೂತು ಓದಿದೆ. ನಿದ್ದೆ ಬರಲಿಲ್ಲ.

ಯಾಕೆಂದರೆ ನಾನು ಬ್ಯಾಂಕಿನವಳು. ಮೂವತ್ತೊಂದು ವರ್ಷ ಕೆಲಸ ಮಾಡಿದೆ, ಕೊನೆಯ ಹನ್ನೆರಡು ವರ್ಷ ಶಾಖೆ ಶಾಖೆ ತಿರುಗಿ ಲೆಕ್ಕ ನೋಡುವುದೇ ಕೆಲಸ. ಹಡ್ಸನ್ ಕಥೆ ಓದಿದಾಗ ಇಂಗ್ಲೆಂಡ್ ಅನಿಸಲಿಲ್ಲ. ನಮ್ಮೂರಿನ ಫೈಲು ಓದಿದ ಹಾಗಾಯಿತು.

ಮೊದಲು ಮೇಲೆ ಬಂದದ್ದು ಹೇಗೆ ನೋಡಿ. 1827ರಲ್ಲಿ ದೂರದ ಅಜ್ಜನೊಬ್ಬ ತೀರಿಕೊಂಡ, 30,000 ಪೌಂಡ್ ಹಡ್ಸನ್ ಪಾಲಾಯಿತು. ಕೊನೇ ದಿನಗಳಲ್ಲಿ ಹಾಸಿಗೆ ಪಕ್ಕ ಕೂತು ಸೇವೆ ಮಾಡಿದ್ದ, ಉಯಿಲು ಬದಲಾಗಿತ್ತು. ಸೇವೆ ಮಾಡಿರಬಹುದು, ನಾನು ಏನೂ ಹೇಳಲ್ಲ. ಆ ದುಡ್ಡೇ ತನ್ನ ಎಲ್ಲ ಕಷ್ಟಕ್ಕೂ ಮೂಲ ಅಂತ ವಯಸ್ಸಾದ ಮೇಲೆ ಅವನೇ ಹೇಳುತ್ತಿದ್ದನಂತೆ.

ಈಗ ಲೆಕ್ಕಕ್ಕೆ ಬರೋಣ. ಒಂದು ರೈಲು ಕಂಪನಿ ಜನರಿಂದ ಷೇರು ದುಡ್ಡು ತಗೊಳ್ಳುತ್ತೆ, ಅದು ಹಳಿ ಹಾಕೋದಕ್ಕೆ. ರೈಲು ಓಡಿದ ಮೇಲೆ ಟಿಕೆಟ್ಟು, ಸರಕು, ಅದರಿಂದ ಗಳಿಕೆ. ಖರ್ಚು ಕಳೆದು ಉಳಿದರೆ ಡಿವಿಡೆಂಡ್. ಹಡ್ಸನ್ ಏನು ಮಾಡಿದ? ಗಳಿಕೆ ಸಾಲದಿದ್ದಾಗ ಷೇರು ದುಡ್ಡಿನಿಂದಲೇ ಡಿವಿಡೆಂಡ್ ಕೊಟ್ಟ. ಅಸಲಿನಲ್ಲಿ ಬಡ್ಡಿ. ಈಸ್ಟರ್ನ್ ಕೌಂಟೀಸ್ ಅನ್ನೋ ನಷ್ಟದ ಕಂಪನಿಗೆ ಅಧ್ಯಕ್ಷನಾಗಿ ಹೋದ ಕೂಡಲೇ ಅಲ್ಲೂ ಡಿವಿಡೆಂಡ್ ಜಾಸ್ತಿ ಆಯಿತು, ಜನ ಕೈಮುಗಿದರು. ಅದೂ ಅಷ್ಟೇ, ಅಸಲಿನಲ್ಲಿ ಬಡ್ಡಿ. ಡಿವಿಡೆಂಡ್ ಚೆನ್ನಾಗಿದೆ ಅಂತ ಷೇರು ಬೆಲೆ ಏರುತ್ತೆ. ಬೆಲೆ ಏರಿತು ಅಂತ ಹೊಸಬರು ದುಡ್ಡು ತರುತ್ತಾರೆ. ಆ ದುಡ್ಡಿನಲ್ಲಿ ಮತ್ತೆ ಡಿವಿಡೆಂಡ್. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ತನ್ನ ಹತ್ತಿರವಿದ್ದ ಬೇರೆ ಕಂಪನಿಯ ಷೇರುಗಳನ್ನು ತಾನೇ ಅಧ್ಯಕ್ಷನಾಗಿದ್ದ ಕಂಪನಿಗೆ ಪೇಟೆ ಬೆಲೆಗಿಂತ ಹೆಚ್ಚಿಗೆ ಮಾರಿದ. ಮಾರುವವನೂ ಅವನೇ, ಕೊಳ್ಳುವವನೂ ಅವನೇ! 1849ರ ಫೆಬ್ರವರಿಯಲ್ಲಿ ಪ್ರಾನ್ಸ್ ಅನ್ನೋ ಒಬ್ಬ ಷೇರುದಾರ ಸಭೆಯಲ್ಲಿ ಎದ್ದು ಈ ಬೆಲೆ ಹೇಗೆ ಬಂತು ಅಂತ ಕೇಳಿದ. ಆ ಒಂದು ಪ್ರಶ್ನೆಗೆ ಕೋಟೆ ಕುಸಿಯಿತು. ತನಿಖಾ ಸಮಿತಿಗಳು ಕೂತವು. ಕಡಿಮೆಗೆ ಕೊಂಡ ಕಬ್ಬಿಣವನ್ನು ತನ್ನದೇ ಕಂಪನಿಗೆ ದುಪ್ಪಟ್ಟಿನ ಹತ್ತಿರ ಮಾರಿದ್ದು ಸಿಕ್ಕಿತು. ಜಮೀನು ಕೊಟ್ಟವರಿಗೆ ಸಲ್ಲಬೇಕಾದ ದುಡ್ಡು ಅವನ ಖಾತೆಯಲ್ಲಿ ಕೂತಿದ್ದದ್ದು ಸಿಕ್ಕಿತು. ಅವನ ಹೆಂಡತಿಯ ಸೋದರ ರಿಚರ್ಡ್ ನಿಕೋಲ್ಸನ್ ಕೂಡ ಈ ವ್ಯವಹಾರದಲ್ಲಿದ್ದ. ಆ ವರ್ಷ ಮೇ ತಿಂಗಳಲ್ಲಿ ನಿಕೋಲ್ಸನ್ ಹೆಣ ಯಾರ್ಕ್‌ನ ಊಸ್ ನದಿಯಲ್ಲಿ ಸಿಕ್ಕಿತು.

ಆಗ ಕಾನೂನು ಇರಲಿಲ್ಲ ಅಂತಾರೆ. ಬೀಗ ಹಾಕದ ಮನೆಗೆ ನುಗ್ಗಿದರೆ ಕಳ್ಳತನ ಅಲ್ಲವಾ? ಇಂಥ ವಾದಕ್ಕೆ ಉತ್ತರ ಬರೆಯುವುದೂ ದಂಡ.

ರೈಲು ಓಡಿಸಿದ ಅಂತಾರಲ್ಲ, ಹೇಗೆ ಓಡಿಸಿದ ಅನ್ನೋದನ್ನೂ ನೋಡಿ. 1842ರ ಕೊನೆಯಲ್ಲಿ ನಾರ್ತ್ ಮಿಡ್‌ಲ್ಯಾಂಡ್ ಮಾರ್ಗದಲ್ಲಿ ಖರ್ಚು ಇಳಿಸಲು ಚಾಲಕರ, ಕೆಲಸಗಾರರ ಸಂಬಳಕ್ಕೆ ಕತ್ತರಿ ಬಿತ್ತು. ಅನುಭವಸ್ಥರು ಹೋದರು, ಹೊಸಬರು ಬಂದರು. ಜನವರಿಯಲ್ಲಿ ಬಾರ್ನ್‌ಸ್ಲಿ ಸ್ಟೇಷನ್ ಹತ್ತಿರ ಡಿಕ್ಕಿ, ಒಬ್ಬ ಪ್ರಯಾಣಿಕ ಸತ್ತ. ಉಳಿಸಿದ ಆ ಸಂಬಳವೂ ಡಿವಿಡೆಂಡಿಗೇ ಹೋಗಿರಬೇಕು.

ಈಗ ನನ್ನ ಸೋದರತ್ತೆ ವಿಷಯ ಹೇಳಬೇಕು. ಸಂಬಂಧ ಇಲ್ಲ ಅನಿಸಬಹುದು, ನನಗೆ ಇದೆ.

ಅತ್ತೆ ಪ್ರೈಮರಿ ಶಾಲೆ ಟೀಚರು. ಮದುವೆಯಾದ ನಾಲ್ಕೇ ವರ್ಷಕ್ಕೆ ಮಾವ ಹೋದರು, ಮಕ್ಕಳಿಲ್ಲ. ನಿವೃತ್ತಿಯಲ್ಲಿ ಬಂದ ದುಡ್ಡನ್ನು ಪೂರ್ತಿ ಊರಿನ ಒಂದು ಫೈನಾನ್ಸ್‌ನಲ್ಲಿ ಇಟ್ಟರು. ಹೆಸರು ಬೇಡ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಮಾಲೀಕ ಪುರಸಭೆಗೂ ಗೆದ್ದಿದ್ದ. ವರ್ಷಕ್ಕೊಮ್ಮೆ ಕಚೇರಿಯಲ್ಲಿ ಸತ್ಯನಾರಾಯಣ ಪೂಜೆ, ಡಿಪಾಜಿಟ್ ಇಟ್ಟವರಿಗೆಲ್ಲ ಪ್ರಸಾದ, ಒಂದು ಸ್ಟೀಲ್ ಡಬ್ಬಿ. ನಾನು ರಜೆಗೆ ಹೋದಾಗ “ಅತ್ತೆ, ಅವರು ಎಲ್ಲಿಂದ ಇಷ್ಟು ಬಡ್ಡಿ ಕೊಡ್ತಾರೆ, ಲೆಕ್ಕ ಕೇಳಿದ್ದೀರಾ?” ಅಂದೆ. ಅತ್ತೆಗೆ ಸಿಟ್ಟು ಬಂತು. “ಪ್ರತಿ ತಿಂಗಳು ಐದಕ್ಕೆ ಮನೆಗೇ ತಂದು ಕೊಡ್ತಾನೆ ಹುಡುಗ. ನಿಮ್ಮ ಬ್ಯಾಂಕಿನವರು ಒಂದು ಪಾಸ್‌ಬುಕ್ ಎಂಟ್ರಿಗೆ ಮೂರು ಸಲ ಅಲೆಸ್ತೀರಿ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ನಿಜವೇ ಆಗಿತ್ತು.

ಮೂರು ವರ್ಷ ಬಡ್ಡಿ ಬಂತು. ನಾಲ್ಕನೇ ವರ್ಷ ಶ್ರಾವಣದಲ್ಲಿ ಶಟರಿಗೆ ಬೀಗ ಬಿತ್ತು. ಅವರು ಮೂರು ವರ್ಷ ತಗೊಂಡ ಬಡ್ಡಿ ಅವರದೇ ಅಸಲಿನ ತುಂಡು, ಅಷ್ಟೇ. ಅತ್ತೆ ಅಳಲಿಲ್ಲ. ಸ್ಟೀಲ್ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿಸಿದರು. ಆ ಮಾಲೀಕನ ತಂದೆ ಹೆಸರಿನಲ್ಲಿ ಊರ ಬಾಗಿಲಲ್ಲಿ ಒಂದು ಬಸ್ ತಂಗುದಾಣ ಇತ್ತು, ಅವನೇ ಕಟ್ಟಿಸಿಕೊಟ್ಟದ್ದು. ಕೆಂಪು ಅಕ್ಷರದಲ್ಲಿ ಹೆಸರು. ಯಾರೂ ಅಳಿಸಲಿಲ್ಲ. ಅತ್ತೆ ಸಾಯೋವರೆಗೂ ಅದರೊಳಗೆ ಕೂರಲಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಹೊರಗೆ, ಕೊಡೆ ಬಿಚ್ಚಿಕೊಂಡು ನಿಂತಿರುತ್ತಿದ್ದರು.

ಹಡ್ಸನ್‌ನ ಕಂಪನಿಯಲ್ಲೂ ಇಂಥವರಿದ್ದರು. ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಲ್ಲಿ ಒಬ್ಬ ಪಾದ್ರಿಯ ಮೂವರು ಹೆಣ್ಣುಮಕ್ಕಳು, ಬ್ರಾಂಟೆ ಸೋದರಿಯರು. ದೊಡ್ಡಮ್ಮ ಬಿಟ್ಟುಹೋದ ದುಡ್ಡನ್ನು ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ಷೇರಿನಲ್ಲಿ ಹಾಕಿದ್ದರು. ಇಬ್ಬರು ತಂಗಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದ ಅಕ್ಕ 1849ರಲ್ಲಿ ಷೇರು ನೆಲಕಚ್ಚಿದ್ದನ್ನು ನೋಡಬೇಕಾಯಿತು. ಅವರು ಬರಹಗಾರ್ತಿಯರಾಗಿ ಲೋಕಕ್ಕೆ ಗೊತ್ತಾದ್ದರಿಂದ ನಮಗೂ ಗೊತ್ತು. ಹೆಸರಾಗದವರು ಎಷ್ಟು ಮಂದಿಯೋ.

ಸುಮ್ನೆ ಇನ್ನೊಂದು ಮಾತು. ಅದೇ 1849ರಲ್ಲಿ ಹಿಂದುಸ್ತಾನದ ರೈಲಿಗೆ ಲಂಡನ್ನಿನಲ್ಲಿ ಕರಾರು ಆಯಿತು. ಷೇರು ಕೊಳ್ಳುವವರಿಗೆ ನೂರಕ್ಕೆ 5 ಖಾತ್ರಿ, ಗಳಿಕೆ ಬಾರದಿದ್ದರೆ ನಮ್ಮ ಕಂದಾಯದಿಂದ ತುಂಬಿಕೊಡುವುದು. ರೈಲು ಷೇರು ಅಂದರೆ ಬೆಚ್ಚುತ್ತಿದ್ದವರಿಗೆ ಖಾತ್ರಿ ಇಲ್ಲದೆ ಆಗುತ್ತಿರಲಿಲ್ಲ ಅನ್ನೋದು ನನ್ನ ಅಂದಾಜು. 1864ರಲ್ಲಿ ಬೆಂಗಳೂರು ದಂಡಿಗೆ ಬಂದ ಮದ್ರಾಸ್ ರೈಲ್ವೆಯೂ ಖಾತ್ರಿಯ ಕಂಪನಿಯೇ.

ಇನ್ನು ಅವನ ಪಾರ್ಲಿಮೆಂಟು. ಸದಸ್ಯನಾಗಿ ಇರುವವರೆಗೆ ಸಾಲಕ್ಕಾಗಿ ಬಂಧಿಸುವ ಹಾಗಿರಲಿಲ್ಲ. ಆ ಕುರ್ಚಿ ಅವನಿಗೆ ಕೊಡೆ. 1859ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ಸೋತ, ಕೊಡೆ ಹೋಯಿತು, ಸಮುದ್ರ ದಾಟಿ ಫ್ರಾನ್ಸಿಗೆ ಹೋದ. 1865ರಲ್ಲಿ ಮತ್ತೆ ಕೊಡೆ ಹುಡುಕಿಕೊಂಡು ವಿಟ್‌ಬಿಯಲ್ಲಿ ಚುನಾವಣೆಗೆ ನಿಂತ. ಮತದಾನಕ್ಕೆ ಮುಂಚೆಯೇ ಹಿಡಿದು ಯಾರ್ಕ್ ಕೋಟೆಯ ಜೈಲಿಗೆ ಹಾಕಿದರು. ಮೂರು ಸಲ ಮೇಯರ್ ಆಗಿದ್ದ ಊರಿನಲ್ಲೇ. ಇಲ್ಲಿ ನನಗೂ ಅಯ್ಯೋ ಅನಿಸುತ್ತೆ, ಸುಳ್ಳು ಹೇಳಲ್ಲ. ಸಾಲಕ್ಕೆ ಜೈಲು ಅನ್ನೋದು ನಿಂತ ಮೇಲೇ ಅವನು ಇಂಗ್ಲೆಂಡಿಗೆ ನೆಮ್ಮದಿಯಾಗಿ ಮರಳಿದ್ದು. ಸ್ನೇಹಿತರು ವರ್ಷಾಶನ ಮಾಡಿಕೊಟ್ಟಿದ್ದರು. 1871ರ ಡಿಸೆಂಬರಿನಲ್ಲಿ ಸತ್ತ.

ಅವನ ಮೇಲೆ ಪಟ್ಟು ಬಿಡದೆ ಬಿದ್ದವನು ಜಾರ್ಜ್ ಲೀಮನ್, ಯಾರ್ಕ್‌ನ ವಕೀಲ. ಸ್ಟೇಷನ್ ಹತ್ತಿರ ಅವನ ಪ್ರತಿಮೆ ಇದೆ, ಅವನ ಹೆಸರಿನ ರಸ್ತೆಯೂ ಇದೆ. ಲೀಮನ್ ಸಂತನೇನಲ್ಲ, ಅವನಿಗೂ ರಾಜಕೀಯ ಇತ್ತು. ಆದರೂ ಊರಿಗೆ ರೈಲಿನ ನೆನಪು ಬೇಕಿದ್ದರೆ ‘ರೈಲ್ವೆ ಬೀದಿ’ ಅನ್ನೋ ಒಳ್ಳೇ ಹೆಸರು ಇದ್ದೇ ಇತ್ತಲ್ಲ. ಮಣ್ಣು ಹೊತ್ತವರು, ಕಲ್ಲು ಕಡಿದವರು, ಷೇರು ಕೊಂಡು ಮುಳುಗಿದವರು ಎಲ್ಲರೂ ಅದರಲ್ಲಿ ಹಿಡಿಯುತ್ತಿದ್ದರು. ನೂರಿಪ್ಪತ್ತು ವರ್ಷ ಆ ಹೆಸರಿನಿಂದ ಯಾರಿಗೂ ದಾರಿ ತಪ್ಪಲಿಲ್ಲ. ಅದನ್ನು ತೆಗೆದು ಇವನದನ್ನು ಯಾಕೆ ಹಾಕಿದರು?

ಅತ್ತೆಯ ಹಾಗೆ ನಾನೂ ಆ ಬೀದಿ ಬಿಟ್ಟು ಸುತ್ತು ದಾರಿ ಹಿಡಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹಾಗೆ ಮಾಡಲಿಲ್ಲ. ಮಗಳ ಮನೆ ಕಡೆ ಹೋಗುವ ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಮಳೆ ಬೇರೆ. ಗಾಡಿ ಮೇಲೆ ಪ್ಲಾಸ್ಟಿಕ್ ಹೊದಿಸಿ ಆ ಹೆಸರಿನ ಕೆಳಗೇ ನಿಲ್ಲುತ್ತಿದ್ದೆ.